ಮರಿಯಮ್ಮನವರ ಸುದ್ದಿ ಎಲ್ಲಿ ಬರದೈತಿ?

ಧರ್ಮಪಾಠ ಹೇಳುವ ಉಪದೇಶಿ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಯೇಸುಸ್ವಾಮಿಯ ತಾಯಿ ಮರಿಯಮ್ಮನವರ ಬಗ್ಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ.

“ಅಕ್ಕಾರ, ಪ್ರೊಟೆಸ್ಟಂಟ್ ಮಂದಿ ನಮ್ಮನ್ನ ತಡದು ಕೇಳ್ತಾರ್ರಿ. ಮರಿಯಮ್ಮನ ಬಗ್ಗೆ ನೀವು ಕಥೋಲಿಕರು ನಂಬೂದೆಲ್ಲಾ ಸತ್ಯವೇದದಾಗ ಎಲ್ಲೈತಿ ತೋರಸ್ರಿ ಅಂತಾರ. ಏನ್ ಹೇಳ್ಬೇಕ್ರಿ?”

ನನ್ನ ಬಳಿ ಒಂದು ಸಾಲಿನ ಉತ್ತರ ಇಲ್ಲ. ಆದರೆ ಎಪ್ಪತ್ತರ ದಶಕದ ಹೆಚ್ಚಿನ ವರ್ಷಗಳನ್ನು ನಾನು ಇದೇ ಪ್ರಶ್ನೆಯ ಜೊತೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಕಳೆದಿದ್ದೇನೆ. ಆ ವರ್ಷಗಳು ನನಗೆ ಕೊಟ್ಟದ್ದು ಬಹಳ. ಹುಡುಗಿಯರಿಗೆ ಬಾಯಿಮಾತಿನಲ್ಲಿ ಅರ್ಧ ಹೇಳಿ ಅರ್ಧ ಬಿಡುವ ಬದಲು ಬರೆದೇ ಬಿಡೋಣವೆಂದು ಕುಳಿತಿದ್ದೇನೆ.

ಮೊದಲು ನನ್ನ ವಿಷಯ ಹೇಳಬೇಕು. ನಾನು ಹುಟ್ಟಿದ್ದು ಪ್ರೊಟೆಸ್ಟಂಟ್ ಮನೆಯಲ್ಲಿ. ನಮ್ಮದು ನೇಕಾರರ ಊರು. ಅಪ್ಪ ಸಮುವೇಲಪ್ಪ ಅಲ್ಲಿಯ ಸಭೆಯ ಹಿರಿಯರಲ್ಲಿ ಒಬ್ಬರು. ಮಗ್ಗದ ಕುಣಿಯಲ್ಲಿ ಕಾಲಿಟ್ಟುಕೊಂಡೇ ಸತ್ಯವೇದದ, ಅಂದರೆ ಬೈಬಲಿನ, ಅಧ್ಯಾಯಗಳನ್ನು ಬಾಯಿಪಾಠ ಹೇಳುತ್ತಿದ್ದರು. ಏನೇ ವಾದ ಬಂದರೂ ಅವರು ಕೇಳುತ್ತಿದ್ದುದು ಒಂದೇ ಮಾತು: “ಎಲ್ಲಿ ಬರದೈತಿ?” ಬರೆದಿದ್ದರೆ ತಲೆಬಾಗುವರು, ಬರೆದಿಲ್ಲದಿದ್ದರೆ ದೊರೆ ಬಂದು ಹೇಳಿದರೂ ಕೇಳುವವರಲ್ಲ.

ಅಂಥವರ ಮಗಳಾದ ನಾನು ಕಥೋಲಿಕರ ಅಂತಪ್ಪನವರನ್ನು ಮದುವೆಯಾದೆ. ಅಂತಪ್ಪನವರು ಮಿಶನ್ನಿನ ದವಾಖಾನೆಯ ಜೀಪು ಓಡಿಸುತ್ತಿದ್ದರು. ಮದುವೆಗೆ ಅವ್ವ ಬಂದಳು, ಅಪ್ಪ ಬರಲಿಲ್ಲ. “ಮರಿಯಮ್ಮನ ಮೂರ್ತಿ ಮುಂದ ಮೊಣಕಾಲೂರೂ ಮನಿಯಾಗ ನಾ ನೀರು ಸೈತ ಕುಡಿಯಂಗಿಲ್ಲ” ಎಂದು ಹೇಳಿ ಕಳಿಸಿದ್ದರು. ಹೇಳಿದಂತೆಯೇ ನಡೆದುಕೊಂಡರು. ಅವ್ವ ಬದುಕಿರುವವರೆಗೆ ಬಂದು ಹೋಗುತ್ತಿದ್ದಳು. ಅವಳು ತೀರಿಕೊಂಡ ಮೇಲೆ ತವರಿನಿಂದ ಬರುವವರು ಯಾರೂ ಉಳಿಯಲಿಲ್ಲ.

ಜೀಪು ಯಾವ ತಾಲೂಕಿಗೆ ಹೋಯಿತೋ ನಮ್ಮ ಸಂಸಾರವೂ ಅಲ್ಲಿಗೇ ಹೋಯಿತು. ಮೊದಲ ವರ್ಗ ಇಂಡಿಗೆ. ಅಲ್ಲಿದ್ದ ಗುರುಗಳು ಫಾದರ್ ಹಿಲರಿ, ಮಂಗಳೂರು ಕಡೆಯವರು. ಅವರ ಕನ್ನಡ ಕೇಳಿ ನಮ್ಮ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅವರಿಗೂ ಅದು ಗೊತ್ತಿತ್ತು, ಬೇಕೆಂದೇ ಇನ್ನೂ ನಾಲ್ಕು ಮಾತು ಹೆಚ್ಚು ಆಡುತ್ತಿದ್ದರು. ಚದುರಿಕೊಂಡಿದ್ದ ನಮ್ಮ ಕುಟುಂಬಗಳ ಹೆಂಗಸರಿಗೂ ಮಕ್ಕಳಿಗೂ ಧರ್ಮಪಾಠ ಹೇಳಲು ಅವರಿಗೆ ಒಬ್ಬ ಉಪದೇಶಿ ಬೇಕಾಗಿತ್ತು. ನನ್ನನ್ನು ಕರೆದರು. ನಾನು ಉಳಿದದ್ದಕ್ಕೆಲ್ಲ ಒಪ್ಪಿ, ಒಂದು ಮಾತಿಗೆ ತಡೆದೆ.

“ಫಾದರ್, ಮರಿಯಮ್ಮನವರು ಪಾಪದ ಸೋಂಕಿಲ್ಲದ ಹುಟ್ಟಿದ್ರು, ದೇಹಸಮೇತ ಸ್ವರ್ಗಕ್ಕ ಹೋದ್ರು ಅಂತ ಕಲಸಬೇಕಲ್ರಿ. ಅದು ಸತ್ಯವೇದದಾಗ ಐತಿ ಅಂತ ನನ್ನ ಬಾಯಿಲೆ ಬರಂಗಿಲ್ಲ. ನಾ ನಮ್ಮಪ್ಪನ ಮಗಳು.”

ಅವರು ಬೈಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ನಿಲುವಂಗಿಯ ತುದಿಯಿಂದ ಒರೆಸಿಕೊಂಡರು. “ಹೇಳುವುದು ಬೇಡ ಮಾರಾಯ್ತಿ. ಬರೆದದ್ದನ್ನು ಬರೆದಿದೆ ಅಂತ ಹೇಳಿ. ಬರೆದದ್ದರಿಂದ ನಮ್ಮ ಧರ್ಮಸಭೆ ಯೋಚನೆ ಮಾಡಿ ತಿಳಿದುಕೊಂಡದ್ದನ್ನು ಹಾಗೆಯೇ ಹೇಳಿ. ಬರೆಯದೆ ನಂಬಿಕೆಯಿಂದ ಉಳಿದು ಬಂದದ್ದು ಉಂಟಲ್ಲ, ಅದನ್ನು ನಂಬಿಕೆ ಅಂತಲೇ ಹೇಳಿ. ಒಂದನ್ನು ತಂದು ಇನ್ನೊಂದರ ಜಾಗದಲ್ಲಿ ಕೂರಿಸುವುದು ಮಾತ್ರ ಬೇಡ.”

ನನ್ನ ಇಡೀ ವೃತ್ತಿಗೆ ಅಷ್ಟೇ ತರಬೇತಿ. ಮುಂದೆ ಎಷ್ಟೋ ಶಿಬಿರಗಳಿಗೆ ಹೋದೆ. ಅದಕ್ಕಿಂತ ದೊಡ್ಡ ಪಾಠ ಎಲ್ಲಿಯೂ ಸಿಗಲಿಲ್ಲ.

ಇಂಡಿಯಲ್ಲಿ ಸಿಸ್ಟರುಗಳು ಹೊಲಿಗೆ ತರಗತಿ ನಡೆಸುತ್ತಿದ್ದರು. ಎಲ್ಲ ಜಾತಿಯ ಹೆಂಗಸರೂ ಬರುತ್ತಿದ್ದರು. ಖತೀಜಾಬಿ ಎಂಬಾಕೆ ತುಂಬಿದ ಬಸುರಿ. ಅವಳ ಗಂಡ ಲಿಂಬೆಕಾಯಿ ವ್ಯಾಪಾರಿ. ಒಂದು ದಿನ ಗೋಡೆಯ ಮೇಲಿನ ಮರಿಯಮ್ಮನವರ ಪಟ ನೋಡಿ ಅವಳು ಹೇಳಿದಳು: “ಇವರು ನಮ್ಮ ಬೀಬಿ ಮರಿಯಂ ಅಲ್ಲೇನ್ರಿ ಅಕ್ಕಾರ? ಖರ್ಜೂರದ ಗಿಡದ ಬುಡಕ ಒಬ್ಬಾಕಿನ ಕುಂತು ಬ್ಯಾನಿ ತಿಂದ್ಲು ಪಾಪ. ನಮ್ಮ ಕುರಾನದಾಗ ಐತ್ರಿ.”

ನಾನು ಆಗ ಹೊಸ ಉಪದೇಶಿ. ನಾಲಿಗೆ ತಡೆಯಲಿಲ್ಲ. “ಖರ್ಜೂರದ ಗಿಡದ ಸುದ್ದಿ ನಮ್ಮ ಪುಸ್ತಕದಾಗ ಬರದಿಲ್ಲವಾ” ಎಂದುಬಿಟ್ಟೆ.

ಅವಳು ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳು: “ಬರದಿಲ್ಲಂದ್ರ ಆಕಿಗೆ ಬ್ಯಾನಿ ಆಗಲಿಲ್ಲೇನ್ರಿ?”

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಸಂಜೆ ಫಾದರಿಗೆ ಹೇಳಿದಾಗ ಅವರೂ ನಕ್ಕು, ಆಮೇಲೆ ಗಂಭೀರವಾದರು. “ಬರೆಯಲಿಲ್ಲ ಅಂದ ಮಾತ್ರಕ್ಕೆ ಆಗಲಿಲ್ಲ ಅಂತಲ್ಲ. ಆಯಿತು ಅಂತಲೂ ಅಲ್ಲ. ಹೇಗೂ ಆ ಹೆಣ್ಣುಮಗಳು ಕೇಳಿದ್ದು ಶಾಸ್ತ್ರದ ವಿಷಯ ಅಲ್ಲ. ಅವಳಿಗೆ ದಿನ ತುಂಬಿದೆ, ಹೆದರಿಕೆ ಉಂಟು.” ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮರುದಿನ ಖತೀಜಾಬಿಯ ಮನೆಗೆ ಹೋದೆ. ಅವಳ ಹೆರಿಗೆ ನೋವು ಶುರುವಾದಾಗ ಅಂತಪ್ಪನವರು ಜೀಪು ತಂದರು, ನಾನು ಅವಳ ಪಕ್ಕದಲ್ಲಿ ಕೂತೆ. ದಾರಿಯುದ್ದಕ್ಕೂ ಅವಳು “ಬೀಬಿ ಮರಿಯಂ” ಎಂದು ನರಳುತ್ತಿದ್ದಳು. ಹೆಣ್ಣುಮಗು ಹುಟ್ಟಿತು. ಇಂಡಿಯಿಂದ ಬರುವವರ ಕೈಯಲ್ಲಿ ಆ ಮನೆಯಿಂದ ಇಂದಿಗೂ ನಮಗೆ ಲಿಂಬೆಹಣ್ಣು ಬರುತ್ತವೆ.

ಅಲ್ಲಿಂದ ಸಿಂದಗಿಗೆ. ಫಾದರ್ ಹಿಲರಿಯವರನ್ನೂ ಆ ಕಡೆಯ ಊರುಗಳಿಗೇ ಹಾಕಿದ್ದರು. ಪಾಠ ಹೇಳುವ ಪದ್ಧತಿ ಆಗ ಬದಲಾಗುತ್ತಿತ್ತು. ಮೊದಲೆಲ್ಲ ಪ್ರಶ್ನೋತ್ತರ ಬಾಯಿಪಾಠ. ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಿದ್ದರು, ಅರ್ಥ ಕೇಳಿದರೆ ಕಣ್ಣು ಕಣ್ಣು ಬಿಡುತ್ತಿದ್ದರು. ಈಗ ಶುಭಸಂದೇಶದಲ್ಲಿರುವ ಯೇಸುಸ್ವಾಮಿಯ ಕತೆ ಓದಿ, ಪಟ ತೋರಿಸಿ, ಮಾತಾಡಿಸಿ ಕಲಿಸಬೇಕೆಂದು ಮೇಲಿನಿಂದ ಹೇಳಿಕೆ ಬಂದಿತು. ಸತ್ಯವೇದ ಓದಿಕೊಂಡೇ ಬೆಳೆದ ನನಗೆ ಅದರಷ್ಟು ಖುಷಿ ಬೇರೆ ಯಾವುದರಲ್ಲೂ ಆಗಲಿಲ್ಲ.

ಖುಷಿಯಲ್ಲಿ ಎಡವಿದ್ದೂ ಉಂಟು. ದೇವಣಗಾಂವದಲ್ಲಿ ಹೆಂಗಸರಿಗೆ ಕಾನಾ ಊರಿನ ಮದುವೆಯ ಕತೆ ಹೇಳಿದೆ. ಮದುವೆಮನೆಯಲ್ಲಿ ದ್ರಾಕ್ಷಾರಸ ಮುಗಿದುಹೋಯಿತು, ಮರಿಯಮ್ಮನವರು ಮಗನಿಗೆ ತಿಳಿಸಿದರು, ಯೇಸುಸ್ವಾಮಿ ನೀರನ್ನು ದ್ರಾಕ್ಷಾರಸ ಮಾಡಿದರು. ‘ದ್ರಾಕ್ಷಾರಸ’ ಎಂದರೆ ಯಾರಿಗೂ ತಿಳಿಯಲಿಲ್ಲ. ತಿಳಿಸಿ ಹೇಳಲು ಹೋಗಿ, “ಚಡಚಣದ ಕಡೆ ದ್ರಾಕ್ಷಿ ಬೆಳೀತಾರಲ್ಲ, ಅದನ್ನ ಹುಳಿಯಾಕ ಬಿಟ್ರ ಆಗ್ತೈತಿ ನೋಡ್ರಿ” ಎಂದೆ.

“ಅಯ್ಯ ನಮ್ಮವ್ವಾ, ಶೆರೆ!” ಎಂದಳು ಮಲ್ಲವ್ವ ಎಂಬ ಮುದುಕಿ. ಅವಳ ಗಂಡ ಕುಡಿತಕ್ಕೆ ಮನೆಯ ಹಂಡೆಯನ್ನೂ ಬಿಟ್ಟವನಲ್ಲ. “ಯೇಸುಸ್ವಾಮಿ ಶೆರೆ ಮಾಡಿ ಕೊಟ್ನೇನ್ರಿ? ಈ ಸುದ್ದಿ ನಮ್ಮನ್ಯಾಂವ ಕೇಳಿದ್ರ ಇವತ್ತ ಬಂದು ಜ್ಞಾನಸ್ನಾನ ತಗೊಂಡು ಕಿರಿಸ್ತಾನ ಆಗ್ತಾನ!”

ಆ ದಿನದ ಪಾಠ ಅಲ್ಲಿಗೇ ಮುಗಿಯಿತು. ಮುಂದಿನ ವಾರ ಅದೇ ಕತೆಯನ್ನು ಬೇರೆ ರೀತಿ ಹೇಳಿದೆ. ಬೀಗರು ಪಂಕ್ತಿಗೆ ಕೂತಾಗ ಅಡುಗೆ ಕಡಿಮೆ ಬಿದ್ದರೆ ಹೆಣ್ಣಿನ ಕಡೆಯವರ ಮಾನ ಏನಾಗುತ್ತದೆ ಎಂದು ಕೇಳಿದೆ. ಎಲ್ಲರಿಗೂ ಅರ್ಥವಾಯಿತು. ಮಲ್ಲವ್ವ, “ಆ ತಾಯಿ ಮಗಗ ‘ಇಂಥಾದ್ದ ಮಾಡು’ ಅಂತ ಹೇಳ್ಲಿಲ್ಲಲ್ರಿ. ಮನ್ಯಾಗ ಇಲ್ಲ ಅಂತಷ್ಟ ಅಂದ್ಲು” ಎಂದಳು. ಹೌದು, ಮಗನಿಗೆ ಹೇಳಿದ್ದೆಂದು ಬರೆದಿರುವುದು ಅಷ್ಟೇ. ನಮಗಾಗಿ ಬೇಡಿಕೊಳ್ಳಿ ಎಂದು ನಾವು ಆಕೆಯನ್ನು ಕೇಳುವುದೆಲ್ಲ ಆ ಒಂದು ಮಾತಿನಿಂದ ಸಭೆ ತಿಳಿದುಕೊಂಡದ್ದು. ಬೇಡುವವಳು ಆಕೆ, ಕೊಡುವವನು ಮಗ. ಮಲ್ಲವ್ವ ಅಲ್ಲಿಯವರೆಗೆ ಮರಿಯಮ್ಮನವರ ಮೂರ್ತಿಯ ಮುಂದೆ ಕಾಯಿ ಒಡೆಯುತ್ತಿದ್ದಳು. ನಾನು ಎಷ್ಟು ಸಲ ಬೇಡವೆಂದರೂ ಕೇಳಿರಲಿಲ್ಲ. ಆ ವಾರದಿಂದ ತಾನಾಗಿಯೇ ಬಿಟ್ಟು, ಒಂದು ಹೂವಿಟ್ಟು ಕೈಮುಗಿಯತೊಡಗಿದಳು.

ಸಿಂದಗಿಯಲ್ಲಿದ್ದಾಗಲೇ ಹಿರಿಯ ಗುರುಗಳೊಬ್ಬರು ಮಕ್ಕಳ ಪರೀಕ್ಷೆಗೆ ಬಂದರು. ಹಳೆಯ ಕಾಲದವರು, ಕಟ್ಟುನಿಟ್ಟಿನವರು. ಒಬ್ಬ ಹುಡುಗಿಯನ್ನು ಎಬ್ಬಿಸಿ, “ಮರಿಯಮ್ಮನವರು ಆತ್ಮಶರೀರ ಸಹಿತ ಸ್ವರ್ಗಕ್ಕೆ ಹೋದರೆಂದು ಹೇಗೆ ತಿಳಿದಿದೆ?” ಎಂದು ಕೇಳಿದರು. ಅವಳು ನಿಂತು, “ಅದು ಬರದಿಲ್ರಿ ಸ್ವಾಮಿ. ನಾವು ನಂಬ್ತೇವ್ರಿ” ಎಂದಳು. ಅವರ ಮುಖ ಕೆಂಪಾಯಿತು. “ಬರೆದಿಲ್ಲವೆಂದು ಮಕ್ಕಳಿಗೆ ಕಲಿಸಿದವರು ಯಾರು?” ಎಂದು ನನ್ನತ್ತ ತಿರುಗಿದರು. ನನ್ನ ಕೆಲಸ ಹೋಯಿತೆಂದುಕೊಂಡೆ. ಮೂಲೆಯಲ್ಲಿ ಕೂತಿದ್ದ ಫಾದರ್ ಹಿಲರಿ ಎದ್ದು ನಿಂತರು. “ಕಲಿಸಿದ್ದು ನಾನು, ಗುರುಗಳೇ. ಹುಡುಗಿ ಹೇಳಿದ್ದರಲ್ಲಿ ತಪ್ಪು ಎಂಥದು? ಬರೆದಿಲ್ಲ, ನಂಬುತ್ತೇವೆ. ಎರಡೂ ಸರಿಯೇ ಅಲ್ಲವಾ?”

ಹಿರಿಯರು ಹೋಗುವಾಗ ಆ ಹುಡುಗಿಯ ತಲೆ ಸವರಿದರು. ಕೈಕೆಳಗಿನವರ ಮೇಲೆ ಬಂದ ಮಾತನ್ನು ತನ್ನ ಮೇಲೆ ಎಳೆದುಕೊಳ್ಳುವ ಮೇಲಧಿಕಾರಿ ಸಿಗುವುದು ಪುಣ್ಯ. ನನಗೆ ಸಿಕ್ಕಿದ್ದರು.

ಮುಂದೆ ನಾವೂ ಫಾದರ್ ಹಿಲರಿಯವರೂ ಮುದ್ದೇಬಿಹಾಳಕ್ಕೆ ಬಂದ ಮೇಲೆ ಒಂದು ಮದುವೆಯ ವಿಷಯ ಎದ್ದಿತು. ಫಿಲೋಮಿನಾಬಾಯಿ ದವಾಖಾನೆಯ ಆಯಾ, ಗಂಡ ಇರಲಿಲ್ಲ. ಮಗಳು ರೀತಾ. ಪ್ರಭಾಕರ ಎಂಬ ಪ್ರೊಟೆಸ್ಟಂಟ್ ಹುಡುಗ, ಸಾಲಿ ಮಾಸ್ತರ, ಅವಳನ್ನು ಮೆಚ್ಚಿದ್ದ. ಎರಡೂ ಕಡೆ ಒಪ್ಪಿ ಸಕ್ಕರೆ ಹಂಚಿದ್ದರು. ಆಮೇಲೆ ಹುಡುಗನ ತಾಯಿ ರಾಹೇಲವ್ವ, “ಮರಿಯಮ್ಮನ ಪಟ, ಜಪಸರ ನಮ್ಮನಿ ಹೊಸ್ತಿಲಾ ದಾಟಬಾರ್ದು” ಎಂದಳು. ಫಿಲೋಮಿನಾಬಾಯಿ, “ಪಟ ದಾಟದಿದ್ರ ನನ್ನ ಮಗಳೂ ದಾಟಂಗಿಲ್ಲ” ಎಂದಳು. ಹುಡುಗಿ ಊಟ ಬಿಟ್ಟಳು. ಎರಡೂ ಕಡೆಯ ಹಿರಿಯರು ಕೂತು ಮಾತಾಡುವುದೆಂದಾಯಿತು. ಪ್ರಭಾಕರನ ಮನೆಯವರು ನಮ್ಮ ಊರಿನ ಸಭೆಗೇ ಸೇರಿದವರು. ಅವರ ಪರವಾಗಿ ಬಂದವರು ನನ್ನ ಅಪ್ಪ.

ದವಾಖಾನೆಯ ಪಡಸಾಲೆಯಲ್ಲಿ ಚಾಪೆ ಹಾಸಿದ್ದೆವು. ಅಪ್ಪ ಬಿಳಿ ರುಮಾಲು ಸುತ್ತಿಕೊಂಡು, ಸತ್ಯವೇದವನ್ನು ಕಂಕುಳಲ್ಲಿ ಇರಿಸಿಕೊಂಡು ಬಂದರು. ಬಹಳ ಇಳಿದಿದ್ದರು. ನನ್ನನ್ನು ನೋಡಿ, “ಅರಾಮ ಅದಿಯೇನು?” ಎಂದರು. ನಾನು “ಹೂಂ ಯಪ್ಪಾ” ಎಂದೆ. ಅಷ್ಟೇ. ಅಂತಪ್ಪನವರು ತಂದ ನೀರಿನ ತಂಬಿಗೆ ಅವರ ಮುಂದೆ ಹಾಗೆಯೇ ಉಳಿಯಿತು. ಫಾದರ್ ಹಿಲರಿ ನನ್ನ ಕಿವಿಯಲ್ಲಿ, “ನೀವೇ ಮಾತಾಡಿ. ನನ್ನ ಕನ್ನಡ ಕೇಳಿದರೆ ಅವರಿಗೆ ಇನ್ನೂ ಸಿಟ್ಟು ಬಂದೀತು” ಎಂದರು.

ಅಪ್ಪ ನೇರವಾಗಿ ವಿಷಯಕ್ಕೆ ಬಂದರು. “ಯೇಸುಸ್ವಾಮಿಗೆ ತಮ್ಮಂದಿರು ಇದ್ರು ಅಂತ ಹೆಸರು ಹಿಡದು ಬರದೈತಿ. ನೀವು ಆಕೀನ್ನ ಕಡೀತನಕ ಕನ್ಯೆ ಅಂತೀರಿ. ಹೆಂಗ?”

“ಕಾಕಾನ ಮಕ್ಕಳಿಗೂ ನಾವು ತಮ್ಮ ಅಂತೇವಲ್ಲಪ್ಪಾ. ಆ ಕಡೆ ಮಂದಿನೂ ಹಂಗ ಅಂತಿದ್ರು. ಸ್ವಂತ ತಮ್ಮಂದಿರು ಇದ್ದಿದ್ರ ಶಿಲುಬೆ ಮ್ಯಾಲಿಂದ ತಾಯೀನ್ನ ಒಬ್ಬ ಶಿಷ್ಯನ ಕೈಗೆ ಯಾಕ ಒಪ್ಪಸ್ತಿದ್ದ?”

“ತಮ್ಮಂದಿರು ಆವಾಗ ಇನ್ನೂ ನಂಬಿದ್ದಿಲ್ಲ, ಅದಕ್ಕ. ನೀ ಹೇಳಿದ್ದು ತರ್ಕ. ಬರದದ್ದಲ್ಲ.”

“ಹೌದು. ತರ್ಕ.”

ಅಪ್ಪ ತಲೆಯೆತ್ತಿ ನೋಡಿದರು. “ದೇವರಿಗೂ ಮನಶಾರಿಗೂ ನಡುವ ಮಧ್ಯಸ್ಥ ಒಬ್ಬನ ಅಂತ ಬರದೈತಿ. ಅದಕ್ಕೇನಂತಿ?”

“ಒಬ್ಬನ. ಅದರಾಗ ಎರಡು ಮಾತಿಲ್ಲ. ನೀ ನನಗೋಸ್ಕರ ಪ್ರಾರ್ಥನಾ ಮಾಡಿದ್ರ ನೀ ಮಧ್ಯಸ್ಥ ಆಗ್ತಿಯೇನು? ನಾವು ಆಕೀನ್ನ ಕೇಳೂದು ಅಷ್ಟ.”

“ಪಾಪದ ಸೋಂಕಿಲ್ಲದ ಹುಟ್ಟಿದ್ಲು, ದೇಹಸಮೇತ ಸ್ವರ್ಗಕ್ಕ ಹೋದ್ಲು. ಇದು ಎಲ್ಲಿ ಬರದೈತಿ?”

“ದೇವದೂತ ಆಕೀನ್ನ ಕೃಪೆ ತುಂಬಿದಾಕಿ ಅಂತ ಕರದಾನ. ಅದರ ಮ್ಯಾಲ ನಮ್ಮ ಸಭೆ ವಿಚಾರ ಮಾಡೇತಿ. ಆದ್ರ ನೀ ಕೇಳಿದಂಗ ಬಿಡಿಸಿ ಎಲ್ಲೂ ಬರದಿಲ್ಲಪ್ಪಾ. ನಾವು ನಂಬ್ತೇವಿ. ಬರದೈತಿ ಅಂತ ನಾ ಯಾರಿಗೂ ಕಲಿಸಿಲ್ಲ.”

ಫಿಲೋಮಿನಾಬಾಯಿ ನನ್ನ ಕೈ ಜಗ್ಗಿ, “ಅಕ್ಕಾರ, ನೀವು ಯಾರ ಕಡೆ ಅದೀರಿ? ನನ್ನ ಮಗಳ ಸಂಸಾರ ಹಾಳ್ ಮಾಡಾಕತ್ತೀರೇನು?” ಎಂದು ಅತ್ತಳು. ರಾಹೇಲವ್ವನ ಮುಖದಲ್ಲಿ ಗೆದ್ದ ಕಳೆ. ನಿಜ ಹೇಳಿ ಒಂದು ಮದುವೆ ಮುರಿದರೆ ಆ ನಿಜವನ್ನು ಇಟ್ಟುಕೊಂಡು ಏನು ಮಾಡಲಿ? ಫಾದರ್ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿ ಕೂತಿದ್ದರು.

“ಅಪ್ಪಾ,” ಎಂದೆ, “ಶಿಲುಬೆ ಹತ್ರ ತಾಯಿ ನಿಂತಾಳಲ್ಲ, ಅದೊಂದ ಓದು.”

ಅಪ್ಪನಿಗೆ ಆ ಪುಟ ಹುಡುಕಬೇಕಾಗಿರಲಿಲ್ಲ. ಸಭೆಯಲ್ಲಿ ಓದುವ ಅದೇ ಗಟ್ಟಿ ಧ್ವನಿಯಲ್ಲಿ ಓದಿದರು. ಸಾಯುವ ಮಗ ತಾಯಿಗೆ ಶಿಷ್ಯನನ್ನು ತೋರಿಸಿ ಇವನೇ ನಿನ್ನ ಮಗ ಎಂದದ್ದು, ಶಿಷ್ಯನಿಗೆ ಇವಳೇ ನಿನ್ನ ತಾಯಿ ಎಂದದ್ದು, ಅಂದಿನಿಂದ ಆ ಶಿಷ್ಯ ಆಕೆಯನ್ನು ತನ್ನ ಮನೆಗೆ ಕರೆದುಕೊಂಡು ಹೋದದ್ದು. ಆ ಕೊನೆಯ ಮಾತಿಗೆ ಅವರ ಧ್ವನಿ ತಗ್ಗಿತು. ಮತ್ತೊಮ್ಮೆ ಅದನ್ನೇ ಓದಿದರು, ಈ ಸಲ ತಮಗೆ ತಾವೇ ಓದಿಕೊಂಡಂತೆ. ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟರು.

“ರಾಹೇಲವ್ವಾ,” ಎಂದರು. “ಇವರು ನಂಬೂದರಾಗ ನಾ ಒಪ್ಪದ್ದು ಭಾಳ ಐತಿ. ಇವತ್ತೂ ಒಪ್ಪಂಗಿಲ್ಲ. ಆದ್ರ ಆ ತಾಯೀನ್ನ ಮನಿ ಹೊರಗ ಇಡ್ರಿ ಅಂತ ಎಲ್ಲೂ ಬರದಿಲ್ಲ. ನಂಬಿದಾಂವ ಮನಿಯೊಳಗ ಕರಕೊಂಡು ಹೋದ ಅಂತ ಬರದೈತಿ. ಹುಡುಗಿ ತನ್ನ ಖೋಲಿಯಾಗ ಪಟ ಇಟ್ಟುಕೊಳ್ಳಿ. ನಿನ್ನ ಪಡಸಾಲಿಗೆ ಬ್ಯಾಡಾದ್ರ ಬ್ಯಾಡ.”

ರಾಹೇಲವ್ವ ಗೊಣಗಿದಳು. ಬಾಯಿಬಿಟ್ಟು ಅಡ್ಡ ಮಾತ್ರ ಹೇಳಲಿಲ್ಲ. ಬಾಗಿಲ ಹಿಂದಿನಿಂದ ರೀತಾ ಬಿಕ್ಕುವುದು ಎಲ್ಲರಿಗೂ ಕೇಳಿಸಿತು. ಮದುವೆ ನಮ್ಮ ಕಥೋಲಿಕರ ಗುಡಿಯಲ್ಲಿ ಆಯಿತು, ಪ್ರೊಟೆಸ್ಟಂಟ್ ಪಾದ್ರಿ ಅಯ್ಯನವರು ಬಂದು ಒಂದು ಪ್ರಾರ್ಥನೆ ಹೇಳಿದರು. ರೀತಾ ಆ ಮನೆಯಲ್ಲಿ ಚೆನ್ನಾಗಿಯೇ ಬಾಳಿದಳು.

ಆ ದಿನ ಎಲ್ಲರೂ ಎದ್ದ ಮೇಲೆ ಅಪ್ಪ ತಂಬಿಗೆ ಎತ್ತಿ ನೀರು ಕುಡಿದರು. ಬಾಯಿ ಒರೆಸಿಕೊಂಡು, ನನ್ನ ಮುಖ ನೋಡದೆ ಕೇಳಿದರು: “ನಿನ್ನ ಮನಿ ಎಲ್ಲೈತಿ?”

ದವಾಖಾನೆಯ ಹಿಂದೆಯೇ ಇತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ, ಅಂತಪ್ಪನವರು ಬಡಿಸುತ್ತಿದ್ದರು, ಅಪ್ಪ ಉಣ್ಣುತ್ತಿದ್ದರು. “ನಿಮ್ಮವ್ವನ ಕೈ ಬಂದೈತಿ ನಿನಗ” ಎಂದರು. ಒಲೆಯ ಹೊಗೆಯ ನೆಪದಲ್ಲಿ ನಾನು ಸಾಕಾಗುವಷ್ಟು ಅತ್ತೆ. ಅಂದು ನಾನು ಎಲ್ಲವೂ ಬರೆದಿದೆ ಎಂದು ಹಟ ಹಿಡಿದಿದ್ದರೆ ಅಪ್ಪ ಪುಸ್ತಕ ಕಂಕುಳಲ್ಲಿ ಇರಿಸಿಕೊಂಡು ಎದ್ದು ಹೋಗುತ್ತಿದ್ದರು. ಫಾದರ್ ಹಿಲರಿ ಕಲಿಸಿದ್ದು ನನ್ನ ಕೆಲಸವನ್ನಷ್ಟೇ ಅಲ್ಲ, ನನ್ನ ತವರನ್ನೂ ಉಳಿಸಿತು.

ದಶಕದ ಕೊನೆಗೆ ಬಸವನ ಬಾಗೇವಾಡಿಯಲ್ಲಿದ್ದೆವು. ಅಪ್ಪ ಆಗಾಗ ಬಂದು ವಾರಗಟ್ಟಲೆ ಇರುತ್ತಿದ್ದರು. ಅಕ್ಟೋಬರ್ ನಮಗೆ ಜಪಸರದ ತಿಂಗಳು. ಸಂಜೆ ಐದಾರು ಹೆಂಗಸರು ನಮ್ಮ ಮನೆಗೆ ಬರುತ್ತಿದ್ದರು. ಜಪಸರದಲ್ಲಿ ನಮೋ ಮರಿಯ ಪ್ರಾರ್ಥನೆಯ ಮೊದಲ ಭಾಗವನ್ನು ಒಬ್ಬರು ಹೇಳಿಕೊಡಬೇಕು, ಉಳಿದವರು ಎರಡನೆಯ ಭಾಗ ಹೇಳಿ ಮುಗಿಸಬೇಕು. ಹೇಳಿಕೊಡುವವಳು ನಾನು. ಅಪ್ಪ ಆ ಹೊತ್ತಿಗೆ ಹೊರಗಿನ ಕಟ್ಟೆಗೆ ಹೋಗಿ ಕೂಡುತ್ತಿದ್ದರು.

ಒಂದು ಸಂಜೆ ನೆಗಡಿಯಿಂದ ನನ್ನ ಗಂಟಲು ಕಟ್ಟಿ ಧ್ವನಿಯೇ ಹೊರಡಲಿಲ್ಲ. ಹೆಂಗಸರೆಲ್ಲ ಹೊಸಬರು, ಹೇಳಿಕೊಡಲು ಅಂಜಿದರು. ಇವತ್ತು ಬಿಡೋಣವೆಂದು ನಾನು ಸನ್ನೆ ಮಾಡುವಷ್ಟರಲ್ಲಿ ಅಪ್ಪ ಕಟ್ಟೆಯಿಂದ ಎದ್ದು ಒಳಗೆ ಬಂದು ಚಾಪೆಯ ತುದಿಗೆ ಕೂತರು.

“ನೀವು ಅನ್ನೂದರಾಗ ಮೊದಲಿಂದು ದೇವದೂತ ಅಂದದ್ದು, ಅದರ ಮುಂದಿಂದು ಆಕೀ ನೆಂಟಾಕಿ ಎಲಿಸಬೇತ ಅಂದದ್ದು. ಅಷ್ಟೂ ಸತ್ಯವೇದದಾಗ ಲೂಕ ಬರದಾನ,” ಎಂದರು. “ಅಷ್ಟು ನಾ ಅಂತೇನಿ. ‘ನಮಗಾಗಿ ಪ್ರಾರ್ಥಿಸು’ ಅನ್ನೂದು ಬರದಿಲ್ಲ. ಅದು ನಿಮ್ಮದು, ನೀವ ಅನ್ರಿ.”

ಅಪ್ಪ ಬೆರಳೆಣಿಸುತ್ತ ಶುರು ಮಾಡಿದರು. ಅವರ ಧ್ವನಿ ನಿಂತಲ್ಲಿ ಹೆಂಗಸರ ಧ್ವನಿ ಏಳುತ್ತಿತ್ತು, ಹೆಂಗಸರು ಮುಗಿಸುವವರೆಗೆ ಅವರು ಕಾಯುತ್ತಿದ್ದರು. ನಾನು ಗೋಡೆಗೆ ಒರಗಿ ಬರೀ ತುಟಿ ಅಲ್ಲಾಡಿಸುತ್ತ ಕೇಳುತ್ತಿದ್ದೆ. ಇಡೀ ಜಪಸರ ಮುಗಿಯುವವರೆಗೆ ಅಪ್ಪ ಒಮ್ಮೆಯೂ ತಮ್ಮ ಅರ್ಧವನ್ನು ದಾಟಲಿಲ್ಲ, ಒಮ್ಮೆಯೂ ನಡುವೆ ಎದ್ದು ಹೋಗಲಿಲ್ಲ.